ಕ್ಯಾಮೆರಾ, ಪೋನಿ ಬಾಟಲ್ ಜೊತೆ ಡೈವ್ ಮಾಡುವಾಗ ಎಷ್ಟು ಕೆಜಿ ಸೀಸ ತೆಗೆಯಬೇಕು?

3 ಮಿಮೀ ವೆಟ್‌ಸೂಟ್, ಅಲ್ಯುಮಿನಿಯಂ ಟ್ಯಾಂಕ್ ಇದ್ದಾಗ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ 6 ಕೆಜಿ ಸರಿಹೋಗುತ್ತೆ, ಈಗ ಕ್ಯಾಮೆರಾ ಹೌಸಿಂಗ್ (ನೀರು ಹೋಗದ ಕವಚ), ಎರಡು ಸ್ಟ್ರೋಬ್ (ಫ್ಲಾಶ್ ದೀಪ), ಪೋನಿ ಬಾಟಲ್ (ತುರ್ತಿಗೆ ಒಯ್ಯುವ ಚಿಕ್ಕ ಗಾಳಿ ಟ್ಯಾಂಕ್) ಸೇರಿದರೆ ಎಷ್ಟು ತೆಗೆಯಲಿ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ನೇರವಾಗಿ ಹೇಳಿಬಿಡುತ್ತೇನೆ: ಕ್ಯಾಮೆರಾ ಭಾರ ಇದೆ ಅಂತ ಒಂದು ಗ್ರಾಂ ಸೀಸವನ್ನೂ ತೆಗೆಯಬೇಡಿ.

ಹಾಗೆ ತೆಗೆದು ನಾನು ಪೆಟ್ಟು ತಿಂದಿದ್ದು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ಅಲ್ಲಿ ನನಗೂ 6 ಕೆಜಿಯೇ ಹಿಡಿಯುತ್ತಿತ್ತು. ಹೊಸದಾಗಿ ತಂದ ಹೌಸಿಂಗ್ ಸ್ಟ್ರೋಬ್ ಸಮೇತ ನೀರೊಳಗೆ ಸುಮಾರು ಒಂದೂವರೆ ಕೆಜಿ ಕೆಳಗೆ ಎಳೆಯುತ್ತಿತ್ತು. ಕೈಯಲ್ಲೇ ಇಷ್ಟು ಭಾರ ಇರುವಾಗ ಸೊಂಟಕ್ಕೆ ಯಾಕೆ ಅಂತ ಬೆಲ್ಟಿನಿಂದ 2 ಕೆಜಿಯ ಒಂದು ತುಂಡು ತೆಗೆದಿಟ್ಟೆ. ಇಳಿಯುವಾಗ ಯಾವ ತೊಂದರೆಯೂ ಆಗಲಿಲ್ಲ. ಬಿಸಿಡಿಗೆ (ಗಾಳಿ ತುಂಬಿ ತೇಲುವಿಕೆ ಸರಿಮಾಡುವ ಜಾಕೆಟ್) ಗಾಳಿ ಹೆಚ್ಚೇನೂ ಬೇಕಾಗಲಿಲ್ಲ, ಇಷ್ಟು ಹಗುರವಾಗಿ ಯಾವತ್ತೂ ತೇಲಿರಲಿಲ್ಲ ಅನ್ನಿಸಿತು. ಮೋಸ ಹೋಗಿದ್ದು ಅಲ್ಲೇ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಬಳಸುವ ಟ್ಯಾಂಕಿನ ಒಳಗಿನ ಜಾಗ ಸುಮಾರು 11 ಲೀಟರ್. 200 ಬಾರ್ ಒತ್ತಡಕ್ಕೆ ತುಂಬಿದರೆ ಅದರಲ್ಲಿ 2,200 ಲೀಟರ್ ಗಾಳಿ. ಗಾಳಿಗೂ ತೂಕ ಇದೆ, ಲೀಟರಿಗೆ 1.2 ಗ್ರಾಂ. ಅಂದರೆ 200ರಿಂದ 50 ಬಾರ್‌ಗೆ ಬರುವಷ್ಟರಲ್ಲಿ ನಾವು 2 ಕೆಜಿ ಉಸಿರಾಡಿ ಹೊರಗೆ ಬಿಟ್ಟಿರುತ್ತೇವೆ. ಮೊದಲು ಸ್ವಲ್ಪ ಮುಳುಗುತ್ತಿದ್ದ ಅಲ್ಯುಮಿನಿಯಂ ಟ್ಯಾಂಕ್ ಡೈವ್ ಮುಗಿಯುವಾಗ ತಾನೇ ತೇಲುತ್ತದೆ. ನಾನು ಲೆಕ್ಕ ನೋಡಿದ್ದು ತುಂಬಿದ ಟ್ಯಾಂಕಿನಲ್ಲಿ, ಕೈಯಲ್ಲಿ ಕ್ಯಾಮೆರಾ ಹಿಡಿದುಕೊಂಡು. ಸೀಸ ನಿಜವಾಗಿ ಬೇಕಾಗುವುದು ಕೊನೆಯಲ್ಲಿ, ಮೇಲೆ ಬರುವ ಮೊದಲು 5 ಮೀಟರ್ ಆಳದಲ್ಲಿ ಕೆಲವು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪಿನಲ್ಲಿ.

ಆ ಸ್ಟಾಪಿನಲ್ಲಿ ನಾವು ಎಲ್ಲಿದ್ದೇವೆ ಅಂತ ಬೋಟಿಗೆ ತೋರಿಸಲು ದಾರಕ್ಕೆ ಕಟ್ಟಿದ ಬಲೂನನ್ನು ಮೇಲಕ್ಕೆ ಬಿಡಬೇಕಿತ್ತು. ಆ ದಾರದ ರೀಲ್ ಹಿಡಿಯಲು ಎರಡೂ ಕೈ ಬೇಕು ಅಂತ ಕ್ಯಾಮೆರಾವನ್ನು ಜೊತೆಗಿದ್ದ ಡೈವರ್‌ಗೆ ಕೊಟ್ಟೆ. ಕೊಟ್ಟ ಕ್ಷಣಕ್ಕೇ ಮೇಲೆ ಹೊರಟೆ. ಬಿಸಿಡಿ ಮೊದಲೇ ಖಾಲಿ, ಬಿಡುವುದಕ್ಕೆ ಗಾಳಿಯೇ ಇರಲಿಲ್ಲ. ತಲೆ ಕೆಳಗೆ ಮಾಡಿ ಫಿನ್ ಬಡಿದರೂ ಆಗಲಿಲ್ಲ. ಮೇಲೆ ಹೋದಷ್ಟೂ ವೆಟ್‌ಸೂಟಿನ ಗುಳ್ಳೆಗಳು ಹಿಗ್ಗಿ ಇನ್ನೂ ಜಾಸ್ತಿ ಎತ್ತುತ್ತವೆ. 5 ಮೀಟರಿನಿಂದ ಮೇಲೆ ಬರುವಾಗ ಗಾಳಿಯ ಗಾತ್ರ ಒಂದೂವರೆ ಪಟ್ಟು ಆಗುತ್ತದೆ, ಉಸಿರು ಕಟ್ಟಿ ಹಿಡಿದರೆ ಶ್ವಾಸಕೋಶವೇ ಹರಿಯಬಹುದು. ನಾನು ಉಸಿರು ಬಿಡುತ್ತಲೇ ಬಂದೆ, ಅದೊಂದೇ ಕಾಪಾಡಿದ್ದು. ಆದರೆ ಕಿವಿಗೆ ಏಟು ಬಿತ್ತು. ಡಾಕ್ಟರ್ ಆ ಸೀಸನ್ ಪೂರ್ತಿ ನೀರಿಗಿಳಿಯಬೇಡಿ ಅಂದರು. ಬೋಟ್ ಸರಿಯಾಗಿ ತಲೆಯ ಮೇಲೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಹಾಗಾಗಿ ಕೈಯಿಂದ ಬಿಟ್ಟುಹೋಗಬಹುದಾದ ಯಾವುದನ್ನೂ ಸೀಸ ಅಂತ ಎಣಿಸಬೇಡಿ. ಕ್ಯಾಮೆರಾ ಜಾರಬಹುದು, ಬೋಟಿನವರಿಗೆ ಕೊಡಬೇಕಾಗಬಹುದು. ಪೋನಿ ಬಾಟಲಿಯನ್ನು ಗಾಳಿ ಮುಗಿದವರಿಗೆ ಬಿಚ್ಚಿ ಕೊಡಬೇಕಾಗಬಹುದು, ಅದು ಇರುವುದೇ ತುರ್ತಿಗೆ ಅಲ್ವಾ. ಇವೆಲ್ಲ ಹೋಗಿ, ಟ್ಯಾಂಕ್ 50 ಬಾರ್‌ಗೆ ಇಳಿದಾಗಲೂ 5 ಮೀಟರಿನಲ್ಲಿ ನಿಲ್ಲಲು ಆಗಬೇಕು. ಅಷ್ಟು ಸೀಸ ನಿಮ್ಮ ಮೈಮೇಲೆ ಇರಲೇಬೇಕು. ಮೊದಲು ಅದನ್ನೇ ಪರೀಕ್ಷೆ ಮಾಡಿ. ಡೈವಿನ ಕೊನೆಯಲ್ಲಿ, ನೀರಿನ ಮೇಲ್ಮೈಗೆ ಬಂದ ಮೇಲೆ, ಕ್ಯಾಮೆರಾ, ಪೋನಿ ಇಲ್ಲದೆ, ಬಿಸಿಡಿ ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರು ಹಿಡಿದು ಕದಲದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ತುಂಬಿದ ಟ್ಯಾಂಕಿನಲ್ಲಿ ನೋಡುವುದಾದರೆ ಸಿಕ್ಕಿದ ಲೆಕ್ಕಕ್ಕೆ 2 ಕೆಜಿ ಸೇರಿಸಿ. ಹಾಗಂತ ಭಯಕ್ಕೆ ಇನ್ನೂ ಜಾಸ್ತಿ ಸೀಸ ಕಟ್ಟಬೇಡಿ. 2 ಕೆಜಿ ಹೆಚ್ಚಾದರೆ ಬಿಸಿಡಿಗೆ 2 ಲೀಟರ್ ಗಾಳಿ ಬೇಕು. 20 ಮೀಟರಿನಲ್ಲಿ ತುಂಬಿದ ಆ 2 ಲೀಟರ್ 10 ಮೀಟರಿಗೆ ಬರುವಾಗ 3 ಲೀಟರ್ ಆಗುತ್ತದೆ. ಮತ್ತೆ ಅದರ ಜೊತೆ ಗುದ್ದಾಟ.

ಕ್ಯಾಮೆರಾದ ಭಾರವನ್ನು ಕ್ಯಾಮೆರಾದಲ್ಲೇ ಸರಿಮಾಡಿ. ಮನೆಯಲ್ಲಿ ದೊಡ್ಡ ಟಬ್ಬಿಗೆ ಲೀಟರಿಗೆ 35 ಗ್ರಾಂ ಉಪ್ಪು ಹಾಕಿ ಕಲಕಿ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯಿಂದ ಇಡೀ ಸೆಟ್ಟನ್ನು ಅದರಲ್ಲಿ ಮುಳುಗಿಸಿ ತೂಗಿ. ತಕ್ಕಡಿ ನೂರೋ ಇನ್ನೂರೋ ಗ್ರಾಂ ತೋರಿಸುವವರೆಗೆ ಸ್ಟ್ರೋಬ್ ತೋಳಿಗೆ ಫ್ಲೋಟ್ ಸೇರಿಸುತ್ತಾ ಹೋಗಿ. ಈಜುಕೊಳದ ಮೆತ್ತನೆ ಫೋಮ್ ಬೇಡವೇ ಬೇಡ. ಆಳದಲ್ಲಿ ಅದು ಅಮುಕಿಹೋಗಿ ಕೆಲಸಕ್ಕೆ ಬರುವುದಿಲ್ಲ. ಗಟ್ಟಿ ಫ್ಲೋಟೇ ತೆಗೆದುಕೊಳ್ಳಿ.

ಟ್ರಿಮ್, ಅಂದರೆ ನೀರಲ್ಲಿ ಮೈ ಅಡ್ಡಲಾಗಿ ಸಮವಾಗಿ ನಿಲ್ಲುವ ವಿಷಯಕ್ಕೆ ಬಂದರೆ, ಸೀಸವೆಲ್ಲ ಸೊಂಟದಲ್ಲಿದ್ದರೆ ಹೆಚ್ಚಿನವರಿಗೆ ಕಾಲು ಜೋತುಬೀಳುತ್ತದೆ. ಫಿನ್ ಹವಳಕ್ಕೆ ತಾಗುತ್ತದೆ. ವರ್ಷಗಟ್ಟಲೆ ಬೆಳೆದಿದ್ದು ಒಂದೇ ಒದೆತಕ್ಕೆ ಮುರಿಯುತ್ತದೆ, ಫೋಟೋ ತೆಗೆಯುವವರಿಂದಲೇ ಇದು ಜಾಸ್ತಿ ಆಗುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಒಂದು ಕೆಜಿಯನ್ನು ಬೆಲ್ಟಿನಿಂದ ತೆಗೆದು ಟ್ಯಾಂಕಿಗೆ ಭುಜದ ಹತ್ತಿರ ಸುತ್ತುವ ಪಟ್ಟಿಗೆ ಹಾಕಿ. ಆಮೇಲೆ ಕೈಕಾಲು ಆಡಿಸದೆ ಅಡ್ಡಲಾಗಿ ತೇಲಿ, ಯಾವ ಕಡೆ ವಾಲುತ್ತೀರಿ ನೋಡಿ. ತಲೆ ಕೆಳಗಾದರೆ ಅರ್ಧ ಕೆಜಿ ವಾಪಸ್ ತನ್ನಿ. ಪೋನಿ ಬಲಗಡೆ ಇದ್ದು ಆ ಕಡೆ ಉರುಳಿಸುತ್ತಿದ್ದರೆ ಬಲಗಡೆಯ ಸೀಸವನ್ನು ಎಡಕ್ಕೆ ಸರಿಸಿ. ಒಟ್ಟು ತೂಕ ಮಾತ್ರ ಮುಟ್ಟಬೇಡಿ.

ಕ್ಯಾಮೆರಾ, ಪೋನಿ ಎರಡನ್ನೂ ಒಂದೇ ದಿನ ಮೊದಲ ಸಲ ನೀರಿಗಿಳಿಸಬೇಡಿ. ಮೊದಲು ಪೋನಿ. ಅದು ಅಭ್ಯಾಸವಾದ ಮೇಲೆ ಕ್ಯಾಮೆರಾ. ಹೊರಡುವ ಮೊದಲು ಡೈವ್ ಸೆಂಟರಿಗೆ ಫೋನ್ ಮಾಡಿ ಅರ್ಧ ಕೆಜಿ, 1 ಕೆಜಿ ಸೀಸದ ತುಂಡು ಸಿಗುತ್ತಾ ಕೇಳಿ. ಬರೀ 2 ಕೆಜಿಯದ್ದೇ ಇದ್ದರೆ ನಿಮ್ಮದೇ ಎರಡು ಸಣ್ಣ ತುಂಡು ಬ್ಯಾಗಿಗೆ ಹಾಕಿಕೊಳ್ಳಿ. ಟ್ಯಾಂಕ್ ಅಲ್ಯುಮಿನಿಯಮ್ಮಾ ಸ್ಟೀಲಾ ಅಂತಲೂ ಕೇಳಿ. ಸ್ಟೀಲ್ ಆದರೆ 6 ಕೆಜಿ ಅನ್ನುವ ಲೆಕ್ಕವನ್ನೇ ಬಿಟ್ಟು ಹೊಸದಾಗಿ ಪರೀಕ್ಷೆ ಮಾಡಬೇಕು.