ತುಮಕೂರಿನಂಥ ಊರಲ್ಲಿ ವೈದ್ಯಕೀಯ ನಿರ್ಲಕ್ಷ್ಯದ ಕೇಸು ನಂಬಿಕೊಂಡು ವಕೀಲಿಕೆ ಮಾಡಬಹುದಾ?

ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೀರಿ, ಚಿಕಿತ್ಸೆಯಲ್ಲಿ ಅನ್ಯಾಯ ಆದವರ ಪರ ನಿಲ್ಲಬೇಕು ಅಂತ ಆಸೆ, ಅದರಲ್ಲಿ ಜೀವನ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಬಹಳ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇದೊಂದನ್ನೇ ನಂಬಿದರೆ ಶುರುವಿನಲ್ಲಿ ಕಷ್ಟ. ಜಮೀನು ವ್ಯಾಜ್ಯ, ಚೆಕ್ ಬೌನ್ಸ್, ಮೋಟಾರು ಅಪಘಾತದ ಕೇಸು ಜೊತೆಗಿರಲಿ. ಅದರಲ್ಲೂ ಅಪಘಾತದ ಕೇಸು ಬಿಡಬೇಡಿ, ಗಾಯದ ಸರ್ಟಿಫಿಕೇಟು ಓದುವುದು, ಡಾಕ್ಟರಿಗೆ ಪಾಟಿ ಸವಾಲು ಹಾಕುವುದು ಎಲ್ಲ ಅಲ್ಲೇ ರೂಢಿಯಾಗುತ್ತದೆ.

ಈ ಕೆಲಸದ ಜೀವ ಇರುವುದು ಕೇಸ್ ಶೀಟಿನಲ್ಲಿ, ಅಂದರೆ ರೋಗಿಗೆ ಏನೇನು ಮಾಡಿದರು ಅಂತ ಆಸ್ಪತ್ರೆಯವರು ಬರೆದಿಡುವ ದಾಖಲೆಯಲ್ಲಿ. ಮನೆಯವರು ಬರುವಾಗ ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿ, ಒಂದು ಕಟ್ಟು ಔಷಧಿ ಬಿಲ್ಲು ಇರುತ್ತದೆ, ಅಷ್ಟೇ. ನಾನು ಮೊದಲು ಮಾಡಿಸುವುದು ಪೂರ್ತಿ ದಾಖಲೆ ಕೇಳಿ ಆಸ್ಪತ್ರೆಗೆ ಒಂದು ಲಿಖಿತ ಅರ್ಜಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಇದೆ.

ಒಂದು ಹೆರಿಗೆ ಕೇಸು ಹೇಳುತ್ತೇನೆ. ಮಗು ಉಳಿಯಲಿಲ್ಲ. ನರ್ಸ್ ಚಾರ್ಟಿನಲ್ಲಿ ರಾತ್ರಿಯಿಡೀ ಗಂಟೆಗೊಮ್ಮೆ ಮಗುವಿನ ಎದೆಬಡಿತ ಬರೆದಿತ್ತು, ಪ್ರತಿ ಸಾಲಿನಲ್ಲೂ 140, ಒಂದೇ ಪೆನ್ನು, ಡ್ಯೂಟಿ ಬದಲಾದ ಮೇಲೂ ಅದೇ ಕೈಬರಹ. ಬಿಲ್ಲುಗಳ ಕಟ್ಟು ಬಿಡಿಸಿದರೆ ಸಿಸೇರಿಯನ್‌ಗೆ ಬೇಕಾದ ಸಾಮಾನನ್ನು ನಡುರಾತ್ರಿಯೇ ತರಿಸಿದ್ದರು. ಆಪರೇಷನ್ ಆಗಿದ್ದು ಬೆಳಗಾದ ಮೇಲೆ. ಎಲ್ಲ ಸರಿಯಿದ್ದರೆ ಆ ಹೊತ್ತಲ್ಲಿ ಅದೆಲ್ಲ ಯಾಕೆ ಬೇಕಾಯಿತು? ಆಸ್ಪತ್ರೆಯವರಿಗೆ ಬರವಣಿಗೆಯಲ್ಲಿ ಕೊಟ್ಟ ನಮ್ಮ ಪ್ರಶ್ನಾವಳಿಯಲ್ಲಿ ಇದೊಂದನ್ನೇ ಹಿಡಿದು ಕೇಳಿದೆವು, ಅವರ ಹತ್ತಿರ ಉತ್ತರ ಇರಲಿಲ್ಲ. ಪರಿಹಾರ ಬಂತು. ಆದರೆ ಆ ಹೆಣ್ಣುಮಗಳಿಗೆ ದುಡ್ಡಿಗಿಂತ ದೊಡ್ಡದು ಇನ್ನೊಂದಿತ್ತು. ನೋವು ಬಂದಾಗಲೇ ಹೇಳದೆ ತಡ ಮಾಡಿದೆ ಅಂತ ಅತ್ತೆಮನೆಯವರು ಅಲ್ಲಿವರೆಗೂ ಅವಳನ್ನೇ ದೂರುತ್ತಿದ್ದರು. ಆದೇಶದ ಪ್ರತಿ ಇಟ್ಟುಕೊಂಡು, 'ಇದನ್ನ ನಮ್ಮತ್ತೆಗೆ ಓದಿ ಹೇಳಿ ಸಾರ್' ಅಂದಳು. ನಾನು ಓದಿದೆ. ಬರುವವರಲ್ಲಿ ಬಹಳ ಜನಕ್ಕೆ ಬೇಕಿರುವುದು ಇದೇ, ಅವತ್ತು ಒಳಗೆ ಏನು ನಡೆಯಿತು ಅಂತ ಯಾರಾದರೂ ನೆಟ್ಟಗೆ ಹೇಳಬೇಕು.

ಹಾಗಾಗಿ ಕೇಸು ಆಗಲ್ಲ ಅಂತ ಹೇಳುವುದೂ ನಮ್ಮ ಕೆಲಸವೇ. ರೋಗಿ ತೀರಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ. ಅಷ್ಟೇ ಓದಿದ ಇನ್ನೊಬ್ಬ ಡಾಕ್ಟರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಅಂತ ನೋಡಬೇಕು. ಮನೆಯವರು ಸಿಟ್ಟಿನಲ್ಲಿ 'ಅವರನ್ನ ಜೈಲಿಗೆ ಹಾಕಿಸಿ' ಅನ್ನುತ್ತಾರೆ. ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಆಗಿರಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ ಹೇಳಿದೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ, ಸುಳ್ಳು ಆಸೆ ಹುಟ್ಟಿಸಬೇಡಿ.

ಸಾಕ್ಷಿ ಹೇಳಲು ಇನ್ನೊಬ್ಬ ಡಾಕ್ಟರು ಸಿಗುವುದು ದೊಡ್ಡ ತಲೆನೋವು. ಚಿಕ್ಕ ಊರು, ಎಲ್ಲರಿಗೂ ಎಲ್ಲರ ಪರಿಚಯ ಅಲ್ವಾ, ಯಾರೂ ಮುಂದೆ ಬರುವುದಿಲ್ಲ. ನಾನು ಹೊರ ಜಿಲ್ಲೆಯಲ್ಲಿ ಹುಡುಕುತ್ತೇನೆ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದಂಥ ಕಣ್ಣಿಗೆ ಕಾಣುವ ತಪ್ಪಿದ್ದರೆ ತಜ್ಞರ ಅಭಿಪ್ರಾಯ ಬೇಕೇಬೇಕು ಅಂತಿಲ್ಲ, ಸುಪ್ರೀಂ ಕೋರ್ಟಿನ 2010ರ ಕಿಶನ್ ರಾವ್ ತೀರ್ಪು ಓದಿ.

ನಮ್ಮ ಕಡೆಯವರಿಗೆ 2019ರ ಗ್ರಾಹಕರ ಕಾಯ್ದೆಯಿಂದ ಒಂದು ಒಳ್ಳೆಯದಾಗಿದೆ. ಪರಿಹಾರದ ಈ ಕೇಸುಗಳನ್ನು ದೂರುದಾರ ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಹಾಕಬಹುದು. ಪಾವಗಡದವರು ಬೆಂಗಳೂರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರೂ ಕೇಸು ತುಮಕೂರಿನಲ್ಲಿ ನಡೆಯುತ್ತದೆ. ಗಡುವು 2 ವರ್ಷ. ತಿಥಿ, ಬಾಣಂತನ, ಸಾಲ ಅಂತ ಜನ ಒದ್ದಾಡುತ್ತಿರುವಾಗಲೇ ಅದು ಮುಗಿದುಹೋಗುತ್ತದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಮಾತ್ರ ಈ ಕಾಯ್ದೆಗೆ ಬರುವುದಿಲ್ಲ, ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನಿಂದ ಹಾಗೇ ಇದೆ. ತೀರಾ ಬಡವರು ಸಿವಿಲ್ ಕೋರ್ಟಿಗೋ ಹೈಕೋರ್ಟಿಗೋ ಅಲೆಯಬೇಕು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಫೀಸಿನ ವಿಷಯ. ಬರುವ ಪರಿಹಾರದಲ್ಲಿ ಇಷ್ಟು ಪಾಲು ಅಂತ ಮಾತಾಡುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ನಾನು ಒಂದು ಮೊತ್ತ ಹೇಳಿ ಕಂತಿನಲ್ಲಿ ತೆಗೆದುಕೊಳ್ಳುತ್ತೇನೆ.

ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ. ಈಗಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ನೆಂಟರಲ್ಲಿ ಯಾರಾದರೂ ನರ್ಸ್ ಇದ್ದರೆ ಡ್ರಗ್ ಚಾರ್ಟ್ ಓದುವುದನ್ನು ಅವರ ಹತ್ತಿರವೇ ಕಲಿಯಿರಿ, ಲಾ ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ.