ಹತ್ತು ವರ್ಷಕ್ಕೆ ಬಂದ ಮೆಳ್ಳೆಗಣ್ಣು

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಮೂರು ತಿಂಗಳಿಂದ ಬಲಗಣ್ಣು ಮೂಗಿನ ಕಡೆ ತಿರುಗುತ್ತಿದೆ. ಶಾಲೆಯ ಬೋರ್ಡ್ ಎರಡಾಗಿ ಕಾಣುತ್ತದೆ ಅನ್ನುತ್ತಾಳೆ, ಪುಸ್ತಕ ಓದಲು ತೊಂದರೆಯಿಲ್ಲ. ಪವರ್ ಏನೂ ಇಲ್ಲವಂತೆ. ಆಪರೇಷನ್ ವಿಚಾರ ಆಮೇಲೆ, ಮೊದಲು ಮೆದುಳಿನ ಎಂಆರ್‌ಐ ಮಾಡಿಸಿ ಎಂದಿದ್ದಾರೆ ಡಾಕ್ಟರು. ಕಣ್ಣಿನ ತೊಂದರೆಗೆ ಮೆದುಳಿನ ಸ್ಕ್ಯಾನ್ ಸುಮ್ನೆ ಖರ್ಚಲ್ವಾ?
– ಒಬ್ಬ ತಾಯಿ

ಉತ್ತರ: ಇಲ್ಲಮ್ಮ, ದಯವಿಟ್ಟು ಮಾಡಿಸಿ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಮಕ್ಕಳ ಮೆಳ್ಳೆಗಣ್ಣು ಸಾಮಾನ್ಯವಾಗಿ ಎರಡು–ಮೂರು ವರ್ಷದ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ. ಪ್ಲಸ್ ಪವರ್ ಇದ್ದರೆ ಕನ್ನಡಕದಿಂದಲೇ ಎಷ್ಟೋ ಸರಿಹೋಗುತ್ತದೆ. ನಿಮ್ಮ ಮಗಳದ್ದು ಹಾಗಿಲ್ಲ. ಹತ್ತು ವರ್ಷಕ್ಕೆ ಹೊಸದಾಗಿ ಬಂದಿದೆ, ಪವರ್ ಇಲ್ಲ, ದೂರದ್ದು ಮಾತ್ರ ಎರಡಾಗುತ್ತಿದೆ. ಈ ಮೂರೂ ಒಟ್ಟಿಗೆ ಕಂಡರೆ ನಾನು ಕಣ್ಣನ್ನು ಬಿಟ್ಟು ಅದರ ಹಿಂದೆ ಏನಿದೆ ಎಂದು ಹುಡುಕುತ್ತೇನೆ.

ಎರಡು ಕಣ್ಣೂ ಒಂದೇ ಕಡೆ ನೋಡುವಂತೆ ಹಿಡಿತ ಇಟ್ಟುಕೊಳ್ಳುವುದರಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಕೆಲವರಲ್ಲಿ ಕಿರುಮೆದುಳಿನ ಕೆಳತುದಿ ತಲೆಬುರುಡೆಯ ತಳದ ರಂಧ್ರದಿಂದ ಕುತ್ತಿಗೆಯ ಕಡೆಗೆ ಇಳಿದಿರುತ್ತದೆ. 5 ಮಿ.ಮೀ. ಅಥವಾ ಜಾಸ್ತಿ ಇಳಿದಿದ್ದರೆ ಅದನ್ನು ಕಿಯಾರಿ ಒಂದನೇ ಬಗೆ ಅನ್ನುತ್ತೇವೆ. 1891ರಲ್ಲಿ ಇದನ್ನು ವಿವರಿಸಿದ ಹಾನ್ಸ್ ಕಿಯಾರಿ ಅವರ ಹೆಸರು ಅದು. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಕೆಲವು ಮಕ್ಕಳಲ್ಲಿ ಮೊದಲು ಕಣ್ಣಲ್ಲೇ ತೋರಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಗಡ್ಡೆಯಿಂದಲೋ ತಲೆಯೊಳಗಿನ ಒತ್ತಡದಿಂದಲೋ ಕೂಡ ಕಣ್ಣು ಹೀಗೆ ತಿರುಗಬಹುದು. ಅದಕ್ಕೇ ಸ್ಕ್ಯಾನ್.

ಕಿಯಾರಿಯ ಸುಳಿವು ಸಿಗಬಹುದಾದ ಒಂದು ಮಾತು ಅವಳನ್ನೇ ಕೇಳಿ: ಕೆಮ್ಮಿದಾಗ, ಸೀನಿದಾಗ ತಲೆಯ ಹಿಂಭಾಗ ನೋಯುತ್ತದಾ? ನನ್ನ ಬಳಿ ಬಂದಿದ್ದ ಒಬ್ಬ ಹುಡುಗಿ ಸೀನಿದ ತಕ್ಷಣ ಕತ್ತು ಹಿಡಿದುಕೊಂಡಳು. ಮನೆಯವರು ಯಾರೂ ಅದನ್ನು ಗಮನಿಸಿರಲಿಲ್ಲ. ಅವಳೂ ಹೇಳಿರಲಿಲ್ಲ, ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದಳು ಪಾಪ.

ಕಿಯಾರಿ ಕಂಡವರಿಗೆಲ್ಲ ಆಪರೇಷನ್ ಬೇಕಿಲ್ಲ. ತೊಂದರೆ ಕೊಡುತ್ತಿದ್ದರೆ ನ್ಯೂರೋಸರ್ಜನ್ ತಲೆಬುರುಡೆಯ ಹಿಂಭಾಗದಲ್ಲಿ ಸ್ವಲ್ಪ ಮೂಳೆ ತೆಗೆದು ಜಾಗ ಮಾಡಿಕೊಡುತ್ತಾರೆ. ಅಷ್ಟರಿಂದಲೇ ಕಣ್ಣು ನೇರವಾದ ಮಕ್ಕಳಿದ್ದಾರೆ. ಇದನ್ನು ಬಿಟ್ಟು ಮೊದಲೇ ಕಣ್ಣಿನ ಸ್ನಾಯು ಸರಿಮಾಡಿದರೆ ಮೆಳ್ಳೆ ಮತ್ತೆ ಬರಬಹುದು.

ಬೆಳಿಗ್ಗೆ ಎದ್ದಾಗ ವಾಂತಿ, ನಡೆಯುವಾಗ ತೂರಾಡುವುದು, ನುಂಗಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ಹೋಗುವಾಗ ಅವಳ ಹಳೆಯ ಫೋಟೋಗಳು ಜೊತೆಗಿರಲಿ. ಕಣ್ಣು ಯಾವಾಗಿನಿಂದ ತಿರುಗಿದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.