ಲೇಟೆಕ್‌ಗೆ ಅಷ್ಟೆಲ್ಲ ಡೌನ್‌ಲೋಡ್ ಬೇಕಾ?

ಪ್ರಶ್ನೆ: ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಬಂಧವನ್ನು ಲೇಟೆಕ್‌ನಲ್ಲಿ (ಆದೇಶಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶ) ಬರೆಯಬೇಕು. ಸೀನಿಯರ್‌ಗಳು ‘ಟೆಕ್ ಲೈವ್ ಪೂರ್ತಿ ಹಾಕ್ಕೊಂಡುಬಿಡು’ ಅನ್ನುತ್ತಾರೆ. ಹಾಸ್ಟೆಲ್‌ನಲ್ಲಿ ಮೊಬೈಲ್ ಡೇಟಾ ಒಂದೇ ಗತಿ. ಬೇಕಾದ ಪ್ಯಾಕೇಜನ್ನು (ಲೇಟೆಕ್‌ಗೆ ಸೇರಿಸುವ ಹೆಚ್ಚುವರಿ ಫೈಲುಗಳ ಕಟ್ಟು) ಬೇಕಾದಾಗ ಮಾತ್ರ ಇಳಿಸಿಕೊಳ್ಳಲು ಆಗುವುದಿಲ್ಲವೇ? ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ. ಕನ್ನಡದಲ್ಲಿ ಎರಡು ಪುಟದ ಸಾರಾಂಶವೂ ಇರುತ್ತದೆ.
— ಓದುಗರು, ಧಾರವಾಡ

ಉತ್ತರ: ಖಂಡಿತ ಆಗುತ್ತದೆ. ಪೂರ್ತಿ ಟೆಕ್ ಲೈವ್ ಅಂದರೆ ಹಲವು ಜಿಬಿ, ಸಾವಿರಾರು ಪ್ಯಾಕೇಜ್. ನಿಮ್ಮ ಪ್ರಬಂಧ ಅದರಲ್ಲಿ ಮುಟ್ಟುವುದು ಸ್ವಲ್ಪವೇ. ನೀವು ಮಿಕ್‌ಟೆಕ್ ಹಾಕಿಕೊಳ್ಳಿ. ಟೆಕ್ ಲೈವ್‌ನಂತೆ ಇದೂ ಲೇಟೆಕ್ ಒದಗಿಸುವ ತಂತ್ರಾಂಶವೇ.

ಅದು ಕೆಲಸ ಮಾಡುವ ರೀತಿ ಹೀಗೆ. ಚಿತ್ರ ಬರೆಯಲು ಟಿಕ್‌ಝಡ್ ಬೇಕು ಅಂತ ಫೈಲಿನ ಮೇಲ್ಭಾಗದಲ್ಲಿ ಬರೆದಿದ್ದೀರಿ. ಕಂಪೈಲ್ ಆಗುವಾಗ, ಅಂದರೆ ಬರೆದದ್ದು ಪಿಡಿಎಫ್ ಆಗುವಾಗ, ಟಿಕ್‌ಝಡ್ ಫೈಲು ಲ್ಯಾಪ್‌ಟಾಪ್‌ನಲ್ಲಿ ಸಿಗುವುದಿಲ್ಲ. ಆಗ ಮಿಕ್‌ಟೆಕ್ ತನ್ನ ಪಟ್ಟಿ ತೆಗೆದು, ಆ ಫೈಲು ಪಿಜಿಎಫ್ ಅನ್ನುವ ಪ್ಯಾಕೇಜಿನಲ್ಲಿದೆ ಅಂತ ಕಂಡುಕೊಂಡು, ಅದನ್ನು ಇಳಿಸಿ ಕಂಪೈಲ್ ಮುಂದುವರಿಸುತ್ತದೆ. ಟೆಕ್ ಲೈವ್‌ನಲ್ಲೂ ಚಿಕ್ಕ ಆವೃತ್ತಿ ಉಂಟು. ಆದರೆ ಅಲ್ಲಿ ಯಾವ ಫೈಲು ಯಾವ ಪ್ಯಾಕೇಜಿನದು ಅಂತ ಹುಡುಕುವ ತಲೆನೋವು ನಿಮ್ಮದೇ. ಟಿಕ್‌ಝಡ್ ಅನ್ನುವ ಹೆಸರಲ್ಲೇ ಕೇಳಿದರೆ ಪ್ಯಾಕೇಜ್ ಸಿಗುವುದಿಲ್ಲ.

ಹಾಕಿದ ತಕ್ಷಣ ಮಿಕ್‌ಟೆಕ್ ಕನ್ಸೋಲ್ ತೆರೆದು ಒಮ್ಮೆ ಅಪ್‌ಡೇಟ್ ಮಾಡಿ. ಇದನ್ನು ಬಿಟ್ಟು ಒದ್ದಾಡುವವರೇ ಜಾಸ್ತಿ. ಮೂಲ ಲೇಟೆಕ್ ಹಳೆಯದು, ಇವತ್ತು ಇಳಿದ ಪ್ಯಾಕೇಜ್ ಹೊಸದು ಅಂತಾದರೆ ಅರ್ಥವೇ ಆಗದ ಎರರ್‌ಗಳು ಬರುತ್ತವೆ. ಹಾಗೇ, ಪ್ರತಿ ಸಲ ‘ಇಳಿಸಲಾ?’ ಅಂತ ಕೇಳುವ ಸೆಟ್ಟಿಂಗ್ ಬಿಟ್ಟು ‘ಯಾವಾಗಲೂ’ ಅನ್ನುವುದನ್ನು ಆರಿಸಿ. ಇಲ್ಲದಿದ್ದರೆ ಆ ಪ್ರಶ್ನೆಯ ಕಿಟಕಿ ಕೆಲವೊಮ್ಮೆ ಎಡಿಟರ್ ಹಿಂದೆ ಅಡಗಿ ಕೂರುತ್ತದೆ. ನೀವು ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು ಅಂದುಕೊಂಡು ಸುಮ್ನೆ ಕಾಯುತ್ತೀರಿ.

ಇನ್ನೊಂದು ಸೂಕ್ಷ್ಮ ಇದೆ. ಮಿಕ್‌ಟೆಕ್ ಫಾಂಟುಗಳನ್ನೂ ಹೀಗೇ ಬಿಡಿಬಿಡಿಯಾಗಿ ತರಿಸುತ್ತದೆ. ಐದನೇ ಅಧ್ಯಾಯದಲ್ಲಿ ಮಾತ್ರ ಬರುವ ಒಂದು ಚಿಹ್ನೆಯ ಫಾಂಟು, ಆ ಅಧ್ಯಾಯ ಕಂಪೈಲ್ ಆಗುವವರೆಗೆ ಇಳಿಯುವುದೇ ಇಲ್ಲ. ಒಂದೊಂದೇ ಅಧ್ಯಾಯ ಕಂಪೈಲ್ ಮಾಡುವ ಅಭ್ಯಾಸ ಇದ್ದರೆ, ವಿಭಾಗದಲ್ಲಿ ವೈಫೈ ಸಿಕ್ಕಾಗ ಇಡೀ ಪ್ರಬಂಧವನ್ನು, ಗ್ರಂಥಸೂಚಿ ಸಮೇತ, ಒಮ್ಮೆ ಓಡಿಸಿಬಿಡಿ. ಆಮೇಲೆ ನೆಟ್ ಇಲ್ಲದೆಯೂ ಅದೇ ಫೈಲು ಕಂಪೈಲ್ ಆಗುತ್ತದೆ.

ಕನ್ನಡ ಪುಟಗಳಿಗೆ ಝೀಲೇಟೆಕ್ (ವಿಂಡೋಸ್‌ನ ಯುನಿಕೋಡ್ ಫಾಂಟುಗಳನ್ನು ಬಳಸಬಲ್ಲ ಲೇಟೆಕ್) ಬಳಸಿ, ಜೊತೆಗೆ ಬೇರೆ ಬೇರೆ ಭಾಷೆಗಳಿಗಾಗಿ ಇರುವ ಪಾಲಿಗ್ಲಾಸಿಯಾ ಪ್ಯಾಕೇಜ್. ಇದೂ ತಾನಾಗಿ ಇಳಿಯುತ್ತದೆ. ಆದರೆ ಕನ್ನಡ ಫಾಂಟನ್ನು ಮಿಕ್‌ಟೆಕ್ ತಂದುಕೊಡುತ್ತದೆ ಅಂತ ನಂಬಬೇಡಿ. ನೋಟೋ ಸೆರಿಫ್ ಕನ್ನಡವನ್ನು ಗೂಗಲ್ ಫಾಂಟ್ಸ್‌ನಿಂದ ಇಳಿಸಿ ವಿಂಡೋಸ್‌ಗೇ ಹಾಕಿಕೊಳ್ಳಿ.

ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಾಗ ಅಪ್‌ಡೇಟ್ ಬಟನ್ ಮುಟ್ಟಲೇಬೇಡಿ. ಚೆನ್ನಾಗಿ ಕೂತಿದ್ದ ಕೋಷ್ಟಕ ಪಕ್ಕದ ಪುಟಕ್ಕೆ ಜಿಗಿದರೆ ಆ ಹೊತ್ತಿಗೆ ಸರಿಮಾಡಲು ಪುರುಸೊತ್ತು ಇರುವುದಿಲ್ಲ, ಅಲ್ವಾ? ಫೈಲಿನ ಮೊದಲ ಸಾಲಲ್ಲಿ ಲಿಸ್ಟ್‌ಫೈಲ್ಸ್ ಅನ್ನುವ ಆದೇಶ ಹಾಕಿದರೆ, ಬಳಸಿದ ಪ್ಯಾಕೇಜುಗಳ ಪಟ್ಟಿ ಆವೃತ್ತಿ ಸಮೇತ ಲಾಗ್ ಫೈಲಿನಲ್ಲಿ (ಕಂಪೈಲ್ ವಿವರ ದಾಖಲಾಗುವ ಫೈಲು) ಬೀಳುತ್ತದೆ. ಅದರ ಒಂದು ಪ್ರತಿಯನ್ನು ಪ್ರಬಂಧದ ಫೋಲ್ಡರಿನಲ್ಲೇ ಇಟ್ಟಿರಿ. ಗೈಡ್ ಕಂಪ್ಯೂಟರಿನಲ್ಲಿ ಪುಟಗಳು ಬೇರೆ ಥರ ಕಂಡರೆ ಮೊದಲು ಎರಡೂ ಪಟ್ಟಿ ಹೋಲಿಸಿ ನೋಡಿ.